ಹತ್ತಿಗಾಗಿ ಹಾಸಿದ ದಾರಿ: ಕುಮಟಾ–ತಡಸ ರಾಜ್ಯ ಹೆದ್ದಾರಿಯ ಮಾರ್ಗ ಮತ್ತು ಬೆಳವಣಿಗೆ

ಕುಮಟಾದಿಂದ ಹೊರಟು, ಕತಗಾಲ ದಾಟಿ ದೇವಿಮನೆ ಘಟ್ಟ ಏರಿ, ಶಿರಸಿ, ಎಕ್ಕಂಬಿ, ಮಳಗಿ, ಮುಂಡಗೋಡಗಳ ಮೂಲಕ ತಡಸದಲ್ಲಿ ಬಯಲುಸೀಮೆಯನ್ನು ಸೇರುವ ರಸ್ತೆ ರಾಜ್ಯ ಹೆದ್ದಾರಿ 69 ಎಂದು ದಾಖಲಾದದ್ದು. ಕರಾವಳಿ, ಮಲೆನಾಡು, ಅರೆಮಲೆನಾಡು, ಬಯಲು ಈ ನಾಲ್ಕೂ ಒಂದೇ ಹಾದಿಯ ಮೇಲೆ ಸಿಗುತ್ತವೆ. ಕುಮಟಾದಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಮಳೆ ಮುಂಡಗೋಡಿನ ಹೊತ್ತಿಗೆ ಅದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಈ ದಾರಿಯ ಗೆರೆಯನ್ನು ನಿರ್ಧರಿಸಿದ್ದು ಅದರ ಇಕ್ಕೆಲದ ಊರುಗಳಲ್ಲ, ಎರಡು ತುದಿಗಳ ವ್ಯಾಪಾರ. ಆದರೆ ಆ ವ್ಯಾಪಾರ ಕೈಬಿಟ್ಟ ಮೇಲೆ ದಾರಿಯನ್ನು ಉಳಿಸಿಕೊಂಡದ್ದು ಇಕ್ಕೆಲದ ಊರುಗಳೇ. ಇದು ಈ ಲೇಖನದ ವಾದ.

ಘಟ್ಟದ ಮೇಲಿನ ಸರಕು ಕಡಲಿಗೆ ಇಳಿಯುವುದು ಹಳೆಯ ಪದ್ಧತಿ. ಸೋದೆಯ ಅರಸರ ಸೀಮೆಯ ಕಾಳುಮೆಣಸು, ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆಳ್ವಿಕೆಯ ಮೆಣಸು, ಎರಡೂ ಹೇರೆತ್ತುಗಳ ಬೆನ್ನೇರಿ ಮಿರ್ಜಾನ, ಹೊನ್ನಾವರಗಳಂಥ ಹೊಳೆಬಾಯಿಯ ಬಂದರುಗಳನ್ನು ಮುಟ್ಟುತ್ತಿದ್ದವು. ಹೇರೆತ್ತಿಗೆ ಕಾಲುದಾರಿ ಸಾಕು, ಏರು ಕಡಿದಾಗಿದ್ದರೂ ನಡೆಯುತ್ತದೆ. ಆದ್ದರಿಂದ ಒಂದೇ ರಾಜಮಾರ್ಗ ಇರಲಿಲ್ಲ. ಘಟ್ಟದ ಉದ್ದಕ್ಕೂ ಹತ್ತಾರು ಇಳಿದಾರಿಗಳಿದ್ದವು. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಪ್ರವಾಸಿ ಫ್ರಾನ್ಸಿಸ್ ಬುಕನನ್ ಕರಾವಳಿಯಿಂದ ಯಲ್ಲಾಪುರದ ದಾರಿ ಹಿಡಿದು ಘಟ್ಟ ಏರಿ ಸೋದೆ, ಶಿರಸಿ, ಬನವಾಸಿಗಳನ್ನು ಕಂಡ. ದಾರಿಗಳು ಹಲವಿದ್ದುದರಿಂದ ಯಾವುದೋ ಒಂದು ಊರು ಘಟ್ಟದ ಬಾಗಿಲಾಗಿ ಬೆಳೆಯುವ ಪ್ರಮೇಯವೂ ಇರಲಿಲ್ಲ. ಶಿರಸಿ ಪೇಟೆಯ ಇಂದಿನ ಗಾತ್ರ ಗಾಡಿದಾರಿಯ ನಂತರದ ಕತೆ.

ಗಾಡಿದಾರಿಯನ್ನು ತಂದದ್ದು ಹತ್ತಿ. ಹುಬ್ಬಳ್ಳಿ, ಧಾರವಾಡ, ಗದಗಗಳ ಎರೆಭೂಮಿಯ ಹತ್ತಿ ಕಡಲಿಗೆ ಇಳಿಯುತ್ತಿದ್ದುದು ಕುಮಟಾದಲ್ಲಿ. 19ನೇ ಶತಮಾನದ ಮಧ್ಯಭಾಗದಲ್ಲಿ ಅಂಡಿಗೆಗಳು ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದವು. ಧಾರವಾಡ ಸೀಮೆಯ ನಾಟಿ ಹತ್ತಿ ಮಾರುಕಟ್ಟೆಯಲ್ಲಿ ‘ಕುಮಟಾ’ ಎಂಬ ಹೆಸರಿನಲ್ಲೇ ಬಿಕರಿಯಾಗುತ್ತಿತ್ತು. ಒಂದು ಎಳೆ ಹತ್ತಿಯನ್ನೂ ಬೆಳೆಯದ ಊರಿನ ಹೆಸರನ್ನು ಹತ್ತಿಗೆ ಕೊಟ್ಟದ್ದು ಈ ದಾರಿ. ಅದರ ಮಹತ್ವಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಸಿಕ್ಕಿಲ್ಲ. ಹತ್ತಿ ಇಳಿಸಿದ ಗಾಡಿಗಳು ಬರಿದಾಗಿ ಮರಳುತ್ತಿರಲಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲೇರುತ್ತಿದ್ದವು. ಮಳೆಗಾಲದಲ್ಲಿ ಬಂದರೂ ಮುಚ್ಚುತ್ತಿತ್ತು, ಘಟ್ಟವೂ ಕೆಸರಾಗುತ್ತಿತ್ತು. ಹಾಗಾಗಿ ವರ್ಷದ ದುಡಿಮೆಯೆಲ್ಲ ಸುಗ್ಗಿಯಿಂದ ಮುಂಗಾರಿನವರೆಗಿನ ಕೆಲವೇ ತಿಂಗಳಲ್ಲಿ ಮುಗಿಯಬೇಕಿತ್ತು.

ಗಾಡಿಯ ಎತ್ತು ಹೇರೆತ್ತಿನಂತಲ್ಲ. ಅದಕ್ಕೆ ಸಮನಾದ, ಮೆಲ್ಲಗೆ ಏರುವ ಹಾದಿ ಬೇಕು. ಬೆಟ್ಟದ ಮೈಯನ್ನು ಒಂದು ಕಡೆ ಕಡಿದು, ಇನ್ನೊಂದು ಕಡೆ ಕಲ್ಲು ಕಟ್ಟಿ, ತಿರುವಿನ ಮೇಲೆ ತಿರುವು ಹಾಕಿ ಏರುವ ರಸ್ತೆ ಹುಟ್ಟಿದ್ದು ಈ ಅಗತ್ಯದಿಂದ. ಇಂದಿನ ಲಾರಿಯೂ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಸಾಗುತ್ತದೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಕಡಿಮೆಯಾದಾಗ ಮ್ಯಾಂಚೆಸ್ಟರ್ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. ಕುಮಟಾದ್ದು ಬಯಲು ಬಂದರು. ದೊಡ್ಡ ಹಡಗಿಗೆ ಆಸರೆಯಿಲ್ಲ. ಕಾರವಾರದ ಕೊಲ್ಲಿ ಆಳವಾದದ್ದು, ಅದಕ್ಕೆ ಹೊಸ ದಾರಿ ಬೇಕೆಂಬ ಒತ್ತಾಯ ಬಲವಾಯಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಒಂದು ಬೆಳೆಯ ಸಾಗಾಟದ ಚಿಂತೆ ಆಡಳಿತದ ಗಡಿಯನ್ನೇ ಸರಿಸುವುದರಲ್ಲಿ ಪಾಲು ಪಡೆದದ್ದು ನಮ್ಮ ರಸ್ತೆಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ, ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಇಷ್ಟಾದರೂ ಕುಮಟಾ ಕೂಡಲೇ ಮಂಕಾಗಲಿಲ್ಲ. ಅದನ್ನು ಬೀಳಿಸಿದ್ದು ರೈಲು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಮುಟ್ಟಿತು. 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾ ಬಂದರಿಗೆ ಹಳಿ ಕೂಡಿತು. ಹತ್ತಿ ಘಟ್ಟದ ದಾರಿ ಬಿಟ್ಟು ಬೋಗಿ ಹತ್ತಿತು.

ಇಲ್ಲಿಗೆ ದಾರಿಯ ಮೂಲ ಕಾರಣ ಮುಗಿಯಿತು. ಆದರೂ ರಸ್ತೆ ಕಾಡು ಸೇರಲಿಲ್ಲ. ಶಿರಸಿ ಸೀಮೆಯ ಅಡಿಕೆ ಇದಕ್ಕೆ ಮುಖ್ಯ ಕಾರಣ. ಕಣಿವೆಯ ತೋಟಗಳಿಂದ ಸಣ್ಣ ಸಣ್ಣ ಕೂಡುದಾರಿಗಳು ಬಂದು ಈ ಹೆದ್ದಾರಿಗೆ ಸೇರುತ್ತವೆ, ಹೆದ್ದಾರಿ ಶಿರಸಿ ಪೇಟೆಗೆ ತಲುಪಿಸುತ್ತದೆ. 1923ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ತೋಟಗಾರ್ಸ್ ಕೋ–ಆಪರೇಟಿವ್ ಸೇಲ್ ಸೊಸೈಟಿ ಶಿರಸಿಯನ್ನು ಚಾಲಿ ಅಡಿಕೆ, ಕೆಂಪಡಿಕೆಗಳ ಭದ್ರ ಮಾರುಕಟ್ಟೆಯಾಗಿಸಿತು. ಹತ್ತಿ ಶಿರಸಿಯನ್ನು ಹಾದುಹೋಗುತ್ತಿತ್ತು. ಅಡಿಕೆ ಅಲ್ಲಿ ನಿಂತಿತು. ಒಂದು ಊರಿನ ಆರ್ಥಿಕತೆಗೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಶಿರಸಿಯ ಮಾರಿಕಾಂಬಾ ಜಾತ್ರೆ, ಘಟ್ಟದ ಕೆಳಗಿಂದ ಬೆಳಗಿನ ಹೊತ್ತು ಏರುವ ಹಸಿಮೀನು, ಬಯಲಿನಿಂದ ಬರುವ ಜೋಳ ಮತ್ತು ಮೆಣಸಿನಕಾಯಿ, ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ ರೋಗಿಗಳು, ಇವೆಲ್ಲ ಸೇರಿ ದಾರಿಯನ್ನು ಜೀವಂತ ಇಟ್ಟವು. 1966ರಿಂದ ಮುಂಡಗೋಡಿನ ಬಳಿ ನೆಲೆಯೂರಿದ ಟಿಬೆಟನ್ನರ ವಸಾಹತು, ಅಲ್ಲಿನ ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಮೇಲ್ತುದಿಗೆ ಹೊಸ ಓಡಾಟ ತಂದವು.

1956ರಲ್ಲಿ ಉತ್ತರ ಕನ್ನಡವೂ ಧಾರವಾಡವೂ ಮೈಸೂರು ರಾಜ್ಯಕ್ಕೆ ಬಂದವು. 1943ರ ನಾಗಪುರ ಯೋಜನೆಯ ಮಾದರಿಯಲ್ಲಿ ದೇಶದ ರಸ್ತೆಗಳನ್ನು ದರ್ಜೆಯಾಗಿ ವಿಂಗಡಿಸಲಾಗಿತ್ತು. ಅಂಕೋಲಾದಿಂದ ಅರಬೈಲ್ ಘಟ್ಟದ ಮೂಲಕ ಹುಬ್ಬಳ್ಳಿಗೆ ಹೋಗುವ ದಾರಿ ಮುಂದೆ ರಾಷ್ಟ್ರೀಯ ಹೆದ್ದಾರಿಯಾಯಿತು. ದೇವಿಮನೆಯ ದಾರಿ ರಾಜ್ಯದ ಪಾಲಿಗೆ ಉಳಿಯಿತು. ಹೀಗೆ ಭಾರಿ ಲಾರಿಗಳ ಒತ್ತಡದ ಬಹುಪಾಲು ಅರಬೈಲ್ ಹೊತ್ತಿತು. ದೇವಿಮನೆಯ ಅಕ್ಕಪಕ್ಕದ ಕಾಡು ಇಷ್ಟಾದರೂ ಉಳಿದಿರುವುದಕ್ಕೆ ಈ ಎರಡನೆಯ ದರ್ಜೆಯೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಇದೇ ಸೀಮೆಯ ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸಿಂಗಳೀಕಗಳ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಸಿಂಗಳೀಕ ನೆಲಕ್ಕೆ ಇಳಿಯುವುದು ಕಡಿಮೆ. ಮರದಿಂದ ಮರಕ್ಕೆ ದಾಟುತ್ತದೆ. ರಸ್ತೆಯ ಮೇಲೆ ಕೊಂಬೆಗಳು ಕೂಡಿಕೊಂಡಿರುವವರೆಗೆ ಅದಕ್ಕೆ ರಸ್ತೆ ಅಡ್ಡಿಯಲ್ಲ, ಮರ ಕಡಿದು ಅಗಲ ಮಾಡಿದ ದಿನ ಅಡ್ಡಿ.

ಅಗಲೀಕರಣ ಈಗ ನಡೆದಿದೆ. ಕುಮಟಾದಿಂದ ಶಿರಸಿ, ಎಕ್ಕಂಬಿ ಮೂಲಕ ಹಾವೇರಿಗೆ ಹೋಗುವ ಮಾರ್ಗ ರಾಷ್ಟ್ರೀಯ ಹೆದ್ದಾರಿ 766ಇ ಎಂಬ ಹೊಸ ಹೆಸರು ಪಡೆದು, ಬೇಲೆಕೇರಿ ಬಂದರಿನ ಸಂಪರ್ಕಕ್ಕಾಗಿ ಸಾಗರಮಾಲಾ ಯೋಜನೆಯಲ್ಲಿ ಸೇರಿತು. ಮತ್ತೆ ಬಂದರೇ ಗುರಿ. 1860ರ ದಶಕದ ತರ್ಕವೇ ಮರಳಿದೆ. ಮಣ್ಣಿನ ಲೆಕ್ಕ ಮಾತ್ರ ಬೇರೆ. ಇಲ್ಲಿಯದು ಜಂಬಿಟ್ಟಿಗೆ ಮತ್ತು ಸವೆದ ಬಂಡೆಯ ನೆಲ. ಆಷಾಢದ ಮಳೆ ಇಂಗಿದ ಗುಡ್ಡದ ಬುಡ ಕಡಿದರೆ ಧರೆ ನಿಲ್ಲುವುದಿಲ್ಲ. ಗಾಡಿಯ ಕಾಲದ ರಸ್ತೆ ಕಿರಿದಾಗಿತ್ತು, ಹಾಗಾಗಿ ಕಡಿತವೂ ಚಿಕ್ಕದಾಗಿತ್ತು. ಈಗಿನ ಅಗಲಕ್ಕೆ ಕಡಿತದ ಎತ್ತರ ಬಹಳ ಏರಿದೆ, ಹಲವು ಮಳೆಗಾಲಗಳಲ್ಲಿ ಧರೆ ಕುಸಿದು ಸಂಚಾರ ನಿಂತಿದೆ. ಕೆಳಗೆ ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದರೂ ದಾರಿ ಕಡಿಯುತ್ತದೆ. ಬಂದರಿನ ಲಾರಿಗೆ ಅರಬೈಲಿನ ಬಳಸುದಾರಿಯಿದೆ. ಈ ದಾರಿಯ ಹಳ್ಳಿಗಳಾದ ಬಂಡಲ, ರಾಗಿಹೊಸಳ್ಳಿಗಳ ಬಸುರಿಗೆ, ಶಾಲೆಯ ಮಗುವಿಗೆ ಬೇರೆ ದಾರಿಯಿಲ್ಲ. ಈ ಘಟ್ಟದ ರಸ್ತೆಯನ್ನು ಅಳೆಯಬೇಕಾದದ್ದು ಅಗಲದಿಂದಲ್ಲ. ಮೇಲಿನ ಚರಂಡಿ, ಸಾಕಷ್ಟು ಮೋರಿ, ಬುಡದ ತಡೆಗೋಡೆ ಮತ್ತು ಮಳೆಗಾಲದಲ್ಲಿ ತೆರೆದಿರುವ ದಿನಗಳಿಂದ.

ಹೊಸ ವಿಂಗಡಣೆಯ ಇನ್ನೊಂದು ಫಲ ಎಕ್ಕಂಬಿಯಲ್ಲಿ ಕಾಣುತ್ತದೆ. ಅಲ್ಲಿ ಹಳೆಯ ಹತ್ತಿದಾರಿ ಎರಡಾಗಿ ಒಡೆದಿದೆ: ಕೆಳಗಿನ ಭಾಗ ರಾಷ್ಟ್ರೀಯ ಹೆದ್ದಾರಿಯಾಗಿ ಹಾವೇರಿಯತ್ತ ತಿರುಗಿದರೆ, ಮಳಗಿ, ಮುಂಡಗೋಡ, ತಡಸದ ಭಾಗ ರಾಜ್ಯ ಹೆದ್ದಾರಿಯಾಗಿಯೇ ಮುಂದುವರಿದಿದೆ. ಒಂದೇ ರಸ್ತೆಗೆ ಈಗ ಇಬ್ಬರು ಒಡೆಯರು, ಎರಡು ಅನುದಾನದ ಮೂಲಗಳು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ರೋಗಿಯ ವಾಹನ ಈ ಎರಡನ್ನೂ ದಾಟಬೇಕು.