ಶರೀಫರ ಪದ, ಗಿಟಾರಿನ ನಾದ



ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಕನ್ನಡ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ತಕರಾರಿದೆ. ಗಿಟಾರು, ಡ್ರಮ್ಸು ಸೇರಿಕೊಂಡರೆ ಅದು ಕನ್ನಡ ಹಾಡು ಹೇಗಾದೀತು ಎಂದು ಹಿರಿಯರು ಕೇಳುತ್ತಾರೆ. ಮಕ್ಕಳು ಮಾತ್ರ ಅದನ್ನೇ ಗುನುಗುತ್ತಾರೆ. ಈ ತಕರಾರಿಗೆ ಇತಿಹಾಸದಲ್ಲೇ ಉತ್ತರವಿದೆ ಎಂದು ನನ್ನ ಭಾವನೆ.

ನಮ್ಮ ವಯಸ್ಸಿನವರಿಗೆ ಇ.ಪಿ. ಎಂದರೆ ನೆನಪಿರಬೇಕು: 7 ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆ. ಎರಡು ಮಗ್ಗುಲೂ ಸೇರಿ ಸಾಮಾನ್ಯವಾಗಿ ನಾಲ್ಕು ಹಾಡು. ತಟ್ಟೆ ಅಚ್ಚಾಗಲು ಕಾರ್ಖಾನೆ ಬೇಕಿತ್ತು. ಆದ್ದರಿಂದ ಯಾವ ಹಾಡು ಹೊರಬರಬೇಕೆಂದು ನಿರ್ಧರಿಸುತ್ತಿದ್ದುದು ಕಂಪನಿ. ಹೆಚ್ಚಾಗಿ ಬರುತ್ತಿದ್ದುದು ಸಿನಿಮಾ ಹಾಡು. 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ಟು ಈ ಬಿಗಿಯನ್ನು ಸಡಿಲಿಸಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಸಿನಿಮಾದ ಹಂಗಿಲ್ಲದೆ ಕವಿ, ಸಂಯೋಜಕ, ಗಾಯಕರು ಕೂಡಿ ಮಾಡಿದ ಕೆಲಸ ಮನೆಮನೆಗೆ ತಲುಪಿತು.

ಶಿಶುನಾಳ ಶರೀಫರ (1819–1889) ಕಥೆಯೂ ಕೂಡುವಿಕೆಯದೇ. ಶಿಗ್ಗಾಂವಿ ಸೀಮೆಯ ಮುಸಲ್ಮಾನ ಶಿಷ್ಯ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರು. ಬಾಯಿಂದ ಬಾಯಿಗೆ ಬಂದ ಆ ತತ್ವಪದಗಳಿಗೆ ಸಿ. ಅಶ್ವಥ್ ಹೊಸ ರಾಗ ಕೊಟ್ಟರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಅವನ್ನು ಮತ್ತಷ್ಟು ಮಂದಿಗೆ ಮುಟ್ಟಿಸಿತು.

ಅಲ್ಲಿಂದ ಮುಂದಿನ ಹೆಜ್ಜೆ ರಘು ದೀಕ್ಷಿತರದು. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ ಈ ಹುಡುಗ ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ. ವೈದ್ಯನಾದ ನನಗೆ ಇದು ಕೊಂಚ ಹೆಮ್ಮೆಯ ಸಂಗತಿ! ಬೆಲ್ಜಿಯಂನಲ್ಲಿದ್ದ ನೌಕರಿ ಬಿಟ್ಟು ಬಂದರು. ‘ಅಂತರಾಗ್ನಿ’ ತಂಡದಲ್ಲಿ ಹಾಡಿದರು. ಕಂಪನಿಗಳು ವರ್ಷಗಟ್ಟಲೆ ಇವರ ಹಾಡುಗಳನ್ನು ಒಪ್ಪಲಿಲ್ಲ. ಕೊನೆಗೆ 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಪುಟ್ಟ ಸಂಸ್ಥೆಯಿಂದ ಮೊದಲ ಆಲ್ಬಂ ತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಗಿಟಾರಿನ ಜೊತೆ ಕುಳಿತಿತ್ತು. 2013ರ ‘ಜಗ್ ಚಂಗಾ’ವನ್ನು ಅವರು ಸ್ವತಂತ್ರವಾಗಿಯೇ ಹೊರತಂದರು.

ಅವರ ತಮ್ಮ ವಾಸು ದೀಕ್ಷಿತರ ‘ಸ್ವರಾತ್ಮ’ ತಂಡ 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಯಲ್ಲಿ ಭಾರತದ ಇನ್ನೂ ಮೂರು ತಂಡಗಳೊಡನೆ ಸೇರಿತು. ಧ್ವನಿಮುದ್ರಣ ನೋಡಿಕೊಂಡವರು ಇಂಗ್ಲೆಂಡಿನ ಜಾನ್ ಲೆಕಿ. ಅದೇ ವರ್ಷದ ಸ್ವರಾತ್ಮದ ಆಲ್ಬಂನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡೂ ಇತ್ತು.

ಸ್ವತಂತ್ರ ಎಂಬ ಮಾತು ಕೇಳಲು ಚೆಂದ, ಹೊರಲು ಭಾರ. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಭಾವನೆ, ಪ್ರಚಾರದ ಖರ್ಚು ಎಲ್ಲವೂ ಕಲಾವಿದನ ಕಿಸೆಯಿಂದಲೇ. ಇಂದು ಇ.ಪಿ. ತಟ್ಟೆಯಲ್ಲ, ನಾಲ್ಕೈದು ಹಾಡುಗಳ ಸಣ್ಣ ಗುಚ್ಛ ಅಷ್ಟೆ, ಕಾರ್ಖಾನೆ ಬೇಡ. ಆದರೆ ಹಾಡು ಪುಕ್ಕಟೆಯಾಗಿ ಸಿಗುವಾಗ ಕಲಾವಿದನ ಖರ್ಚು ಹುಟ್ಟುವುದು ಸಭಾಂಗಣದ ಟಿಕೆಟ್ಟಿನಿಂದ, ಅಂದರೆ ನಮ್ಮಂಥ ಕೇಳುಗರಿಂದ.

ಆದ್ದರಿಂದ ನನ್ನದು ಎರಡೇ ಕೋರಿಕೆ. ಕನ್ನಡದ ಇಂಥ ತಂಡ ದೋಹಾಕ್ಕೆ ಬಂದಾಗ ಪಾಸಿಗಾಗಿ ಕಾಯದೆ ದುಡ್ಡು ಕೊಟ್ಟು ಹೋಗೋಣ. ಮಕ್ಕಳು ‘ಗುಡುಗುಡಿಯ’ ಹಾಡಿಕೊಂಡು ಕುಣಿಯುವಾಗ ತಡೆಯದೆ, ಅದು ಶರೀಫಜ್ಜನ ಪದ ಎಂದು ಹೇಳೋಣ. ಇಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಬಾರದು. ಅವರ ನಾಲಗೆಯ ಮೇಲೆ ಶರೀಫರ ಪದ ಉಳಿಯುವುದಾದರೆ, ಜೊತೆಗೆ ಏಕತಾರಿ ಇದ್ದರೇನು, ಗಿಟಾರು ಇದ್ದರೇನು?