ಓಲೆಯೂ ಕಿವಿಹಾಲೆಯೂ

‘ಓಲೆ’ ಎಂಬ ಪದಕ್ಕೆ ಅರ್ಥ ಹೇಳಿರಿ ಎಂದು ತರಗತಿಯಲ್ಲಿ ಕೇಳಿದಾಗ ಹುಡುಗರು ‘ಪತ್ರ’ ಎನ್ನುತ್ತಿದ್ದರು, ಹುಡುಗಿಯರು ‘ಕಿವಿಗೆ ಇಟ್ಟುಕೊಳ್ಳುವುದು’ ಎನ್ನುತ್ತಿದ್ದರು. ಇಬ್ಬರಿಗೂ ಅಂಕ ಕೊಡಬೇಕಾದ ಪ್ರಶ್ನೆ ಅದು. ಓಲೆ ಎಂದರೆ ಮೂಲದಲ್ಲಿ ತಾಳೆಯ ಗರಿ. ಅದರ ಮೇಲೆ ಕಂಠದಿಂದ ಕೊರೆದು ಬರೆದರೆ ಪತ್ರವಾಯಿತು. ಸುರುಳಿ ಸುತ್ತಿ ಕಿವಿಯ ರಂಧ್ರಕ್ಕೆ ಸೇರಿಸಿದರೆ ಒಡವೆಯಾಯಿತು. ತೆಲುಗು ಬಲ್ಲ ನಮ್ಮ ಬಳ್ಳಾರಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಭಾಷೆಯಲ್ಲಿ ‘ಕಮ್ಮ’ ಎಂದರೂ ತಾಳೆಗರಿಯೇ, ಕಿವಿಯ ಒಡವೆಯೇ. ಸಂಸ್ಕೃತದ ‘ತಾಡಪತ್ರ’ವೂ ಹಾಗೆಯೇ. ಮೂರು ಭಾಷೆಗಳು ಒಂದೇ ಸಾಕ್ಷ್ಯವನ್ನು ನುಡಿಯುತ್ತಿರುವಾಗ, ಚಿನ್ನ ಬರುವುದಕ್ಕೆ ಮೊದಲು ನಮ್ಮ ಹೆಣ್ಣುಮಕ್ಕಳ ಕಿವಿಯಲ್ಲಿ ಗರಿಯೇ ಇತ್ತೆಂದು ನಂಬಲು ನನಗೆ ಬೇರೆ ಶಾಸನ ಬೇಕಿಲ್ಲ.

ಈ ವಿಷಯವನ್ನು ಬರೆಯಲು ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಚೀನಾದ ನೈಋತ್ಯ ಭಾಗದಲ್ಲಿರುವ ಗ್ವಿಜೋ ಪ್ರಾಂತ್ಯದ ಮಿಯಾವೋ ಜನಾಂಗದ ವೃದ್ಧೆಯೊಬ್ಬಳ ಚಿತ್ರವನ್ನು ಕಳುಹಿಸಿ, “ಸರ್, ಇಷ್ಟು ಭಾರದ ಬೆಳ್ಳಿಯನ್ನು ಹೊತ್ತು ಕಿವಿ ಜೋತುಬಿದ್ದಿದೆ, ಇವರಿಗೆ ನೋವಾಗುವುದಿಲ್ಲವೇ?” ಎಂದು ಕೇಳಿದ್ದ. ಅವನು ನಮ್ಮ ಕುರುಗೋಡು ತಾಲ್ಲೂಕಿನವನೇ. ಅವನ ಮುತ್ತಜ್ಜಿಯ ಕಿವಿಯೂ ಹಾಗೆಯೇ ಇದ್ದಿರಬೇಕು. ಅವನು ನೋಡಿಲ್ಲ, ಅಷ್ಟೆ. ನನ್ನ ಬಾಲ್ಯದಲ್ಲಿ ಬಾದನಹಟ್ಟಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಮುದುಕಿಯರಲ್ಲಿ ಹಲವರ ಕಿವಿಹಾಲೆ ಕೆನ್ನೆಯ ಕೆಳಗಿನವರೆಗೆ ಇಳಿದಿರುತ್ತಿತ್ತು. ಮಕ್ಕಳಾದ ನಾವು ಆ ತೂತಿನಲ್ಲಿ ಬೆರಳು ತೂರಿಸಿ ಬೈಸಿಕೊಳ್ಳುತ್ತಿದ್ದೆವು.

ನೋವಿನ ಪ್ರಶ್ನೆಗೆ ಉತ್ತರ ಗರಿಯಲ್ಲೇ ಇದೆ. ಸುತ್ತಿದ ತಾಳೆಗರಿ ಸುಮ್ಮನಿರುವ ವಸ್ತುವಲ್ಲ. ಬಿಚ್ಚಿಕೊಳ್ಳಲು ಸದಾ ಹವಣಿಸುತ್ತದೆ. ಆ ಒತ್ತಡದಿಂದ ರಂಧ್ರ ದಿನದಿನಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಮೇಲೆ ಇನ್ನೊಂದು ಸುತ್ತು ಹೆಚ್ಚಿನ ಸುರುಳಿ. ಹೀಗೆ ತಿಂಗಳುಗಟ್ಟಲೆ ನಡೆಯುವ ಕೆಲಸವಾದ್ದರಿಂದ ಚರ್ಮ ಹರಿಯುವುದಿಲ್ಲ, ಬೆಳೆಯುತ್ತದೆ. ಸುಶ್ರುತ ಸಂಹಿತೆಯಲ್ಲಿ ಕಿವಿ ಚುಚ್ಚುವುದಕ್ಕೂ ಹರಿದ ಕಿವಿಯನ್ನು ಕೂಡಿಸುವುದಕ್ಕೂ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಚುಚ್ಚಿದ ಮೇಲೆ ಮೂರು ದಿನಕ್ಕೊಮ್ಮೆ ಹಿಂದಿನದಕ್ಕಿಂತ ದಪ್ಪನಾದ ಬತ್ತಿಯನ್ನು ಇಡಬೇಕೆಂದು ಅಲ್ಲಿ ಹೇಳಿದೆ. ಹರಿದುಹೋದ ಹಾಲೆಯನ್ನು ಜೋಡಿಸಲು 15 ಬಗೆಗಳನ್ನು ಹೇಳಿದೆ. ಶಸ್ತ್ರವೈದ್ಯರು ಅಷ್ಟು ತಲೆ ಕೆಡಿಸಿಕೊಂಡಿದ್ದರೆಂದರೆ ಕಿವಿ ಹರಿದುಕೊಂಡು ಬರುವವರೂ ಅಷ್ಟೇ ಮಂದಿ ಇದ್ದರೆಂದಾಯಿತಲ್ಲವೇ? ನಮ್ಮೂರಲ್ಲಿ ಈ ವಿದ್ಯೆ ಪತ್ತಾರರ ಕೈಯಲ್ಲಿತ್ತು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚುತ್ತಿದ್ದರು, ಗಾಯ ಮಾಯುವವರೆಗೆ ಬೇವಿನ ಕಡ್ಡಿ ಇಡುತ್ತಿದ್ದರು, ಆಮೇಲೆ ಜೋಳದ ದಂಟಿನ ಬೆಂಡು.

ಹಂಪಿಗೆ ಪ್ರವಾಸ ಕರೆದೊಯ್ದಾಗ ನಾನು ಮಕ್ಕಳಿಗೆ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ಕಿವಿಗಳನ್ನು ನೋಡಿರೆಂದು ಹೇಳುತ್ತಿದ್ದೆ. ರಾಜ, ರಾಣಿ, ನರ್ತಕಿ, ಯಾರೂ ಬರಿಗಿವಿಯವರಲ್ಲ. ಇದು ಶಿಲ್ಪಿಯ ಉತ್ಪ್ರೇಕ್ಷೆಯೂ ಅಲ್ಲ. 1443ರಲ್ಲಿ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು, ಅಲ್ಲಿಯ ಮೇಲಿನವರಿಂದ ಹಿಡಿದು ಬಜಾರಿನ ಕುಶಲಕರ್ಮಿಗಳವರೆಗೆ ಎಲ್ಲರೂ ಕಿವಿಯಲ್ಲಿ ಒಡವೆ ಧರಿಸುತ್ತಾರೆಂದು ಬರೆದಿದ್ದಾನೆ. ಮುಂದಿನ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಬಾರ್ಬೋಸಾ ಗಂಡಸರ ಕಿವಿಯ ಮುತ್ತುಗಳನ್ನು ಕಂಡು ಬೆರಗಾಗಿದ್ದಾನೆ. ಗಂಡಸರು ಕಿವಿಗೆ ಇಟ್ಟರೆ ನಗುವ ಈಗಿನವರು, ನಮ್ಮ ಸೀಮೆಯ ಕುರುಬ ಹಿರಿಯರ ಮುರುವುಗಳನ್ನಾದರೂ ನೆನೆಯಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಕಿವಿಯೂ ಶಿಲ್ಪದಲ್ಲಿದೆ. ಶ್ರವಣಬೆಳಗೊಳದ ಗೊಮ್ಮಟನ ಕಿವಿಗಳು ನೀಳವಾಗಿವೆ, ಬರಿದಾಗಿವೆ. ಬುದ್ಧನದೂ ಹಾಗೆಯೇ. ಅರಸುಮಗನಾಗಿದ್ದಾಗ ಭಾರದ ಕುಂಡಲ ಧರಿಸಿ ಹಾಲೆ ಇಳಿಯಿತು. ಕುಂಡಲವನ್ನು ತ್ಯಜಿಸಿದ ಮೇಲೂ ಹಾಲೆ ಹಾಗೆಯೇ ಉಳಿಯಿತು ಎಂಬ ವಿವರಣೆಯೊಂದು ಉಂಟು. ಒಡವೆ ಹೋದರೂ ಅದು ಇದ್ದ ಗುರುತು ಹೋಗುವುದಿಲ್ಲ. ತ್ಯಾಗಿಗಳ ವಿಷಯದಲ್ಲಿ ಇದು ಹಿರಿಮೆ. ನಮ್ಮ ಮನೆಗಳ ಹೆಂಗಸರ ವಿಷಯದಲ್ಲಿ ಹಾಗಿರಲಿಲ್ಲ.

ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. ಮದ್ರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ 1906ರಲ್ಲಿ ದಕ್ಷಿಣ ಭಾರತದ ಜನಜೀವನದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ, ಹಿಗ್ಗಿಸಿದ ಕಿವಿಯನ್ನು ಅಂಗವಿಕಾರ, ಅಂಗಛೇದಗಳ ಅಧ್ಯಾಯದಲ್ಲಿ ಸೇರಿಸಿದ. ಮಧುರೆಯಿಂದ ತಿರುನೆಲ್ವೇಲಿಯವರೆಗೆ ಪಾಂಬಡಂ, ತಂಡಟ್ಟಿ ಎಂಬ ಭಾರದ ಒಡವೆ ಧರಿಸುತ್ತಿದ್ದ ತಮಿಳು ಹೆಂಗಸರು ತಮ್ಮ ಸೌಭಾಗ್ಯವೆಂದು ತಿಳಿದದ್ದು ಅವನಿಗೆ ವಿಕಾರವಾಗಿ ಕಂಡಿತು. ಅವನ ಪುಸ್ತಕಗಳಿಂದ ನಾವು ಕಲಿತದ್ದು ಬಹಳ, ಅದನ್ನು ಅಲ್ಲಗಳೆಯಲಾರೆ. ಆದರೆ ಸೊಂಟವನ್ನು ಬಿಗಿದು ಕಟ್ಟಿಕೊಂಡು ಉಸಿರಾಡಲು ಕಷ್ಟಪಡುತ್ತಿದ್ದ ತನ್ನ ನಾಡಿನ ಹೆಂಗಸರನ್ನು ಯಾವ ಅಧ್ಯಾಯದಲ್ಲಿ ಸೇರಿಸುತ್ತಿದ್ದನೋ!

ಆ ಅಧಿಕಾರಿಗಳು ಕಿವಿಯ ಆಕಾರವನ್ನು ಅಳೆದರೇ ಹೊರತು ಅದರ ಲೆಕ್ಕವನ್ನು ಓದಲಿಲ್ಲ. ಕಿವಿಯೊಡವೆ ಎಂದರೆ ಹೆಣ್ಣಿನ ಸ್ವಂತ ಗಂಟು. ಹೊಲ ಗಂಡನ ಹೆಸರಿನಲ್ಲಿ, ಎತ್ತು ಮಾವನ ಹೆಸರಿನಲ್ಲಿ. ತವರಿನಿಂದ ಬಂದ ಓಲೆ, ಬಾವಲಿ, ಬುಗುಡಿಗಳು ಮಾತ್ರ ಅವಳವು. ಬಡವರ ಮನೆಯಲ್ಲಿ ಅವೇ ಬೆಳ್ಳಿಯವು ಅಥವಾ ಹಿತ್ತಾಳೆಯವು. ಮಳೆ ಕೈಕೊಟ್ಟ ವರ್ಷ ಮೊದಲು ಸಾಹುಕಾರನ ತಕ್ಕಡಿ ಏರುತ್ತಿದ್ದದ್ದೂ ಅವೇ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ನಮ್ಮ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಇಳಿದಿತ್ತು. ಆ ವರ್ಷಗಳಲ್ಲಿ ಬರಪೀಡಿತ ಸೀಮೆಗಳಿಂದ ಬೆಳ್ಳಿಯ ಒಡವೆಗಳು ಮೂಟೆಮೂಟೆಯಾಗಿ ಮುಂಬಯಿಯ ಟಂಕಸಾಲೆಗೆ ಹೋಗಿ ಕರಗಿ ರೂಪಾಯಿಗಳಾದವು. ಮಿಯಾವೋ ಅಕ್ಕಸಾಲಿಗರು ಬೆಳ್ಳಿಯ ನಾಣ್ಯಗಳನ್ನು ಕರಗಿಸಿ ಹೆಣ್ಣುಮಕ್ಕಳಿಗೆ ಒಡವೆ ಮಾಡಿದರಂತೆ. ಸುಭಿಕ್ಷದಲ್ಲಿ ನಮ್ಮ ಪತ್ತಾರರೂ ರಾಣಿಯ ರೂಪಾಯಿಗಳನ್ನು ಕರಗಿಸಿದವರೇ. ಬರದಲ್ಲಿ ದಾರಿ ತಿರುಗಿತು. ಬೆಳ್ಳಿ ಹಾಗೆ ಕರಗಿ ಮತ್ತೆ ರೂಪ ಪಡೆಯಬಲ್ಲದು. ಹಿಗ್ಗಿದ ಕಿವಿ ಮತ್ತೆ ಕಿರಿದಾಗಲಾರದು.

ಇದನ್ನು ನಾನು ಪುಸ್ತಕದಿಂದಲೇ ತಿಳಿದವನಲ್ಲ. 1972ರ ಬರದಲ್ಲಿ ನಮ್ಮ ಎರೆಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೇ ಒಣಗಿತು. ಕಾಲುವೆ ನೀರಿನ ಭಾಗ್ಯ ನಮ್ಮ ಆ ಹೊಲಕ್ಕಿರಲಿಲ್ಲ. ಅಜ್ಜಿಯ ಓಲೆಗಳು ಅಡವಿಗೆ ಹೋದವು, ತಿರುಗಿ ಬರಲಿಲ್ಲ. ಬಡ್ಡಿ ಅಸಲನ್ನು ಮೀರಿತ್ತು. ಅಜ್ಜ ಇನ್ನೂ ಬದುಕಿದ್ದರು. ಮುತ್ತೈದೆ ಬರಿಗಿವಿಯಲ್ಲಿ ಇರಬಾರದು. ‘ಓಲೆ ಭಾಗ್ಯ’ ಎಂಬ ಮಾತಿನ ಅರ್ಥ ನಿಮಗೆ ತಿಳಿದೇ ಇದೆ. ಅಜ್ಜಿ ಹಳೆಯ ತಾಳೆಗರಿಯ ಬೀಸಣಿಗೆಯಿಂದ ಎರಡು ಪಟ್ಟಿ ಕತ್ತರಿಸಿ, ಅರಿಸಿನ ಸವರಿ, ಸುರುಳಿ ಮಾಡಿ ಆ ದೊಡ್ಡ ತೂತುಗಳಲ್ಲಿ ಇಟ್ಟುಕೊಂಡಳು. ಯಾರಾದರೂ ಕೇಳಿದರೆ, “ಓಲೀನೇ ಅದಾವಲ್ಲ” ಎನ್ನುತ್ತಿದ್ದಳು. ನಿಘಂಟಿನ ಪ್ರಕಾರ ಅವಳ ಮಾತು ಅಕ್ಷರಶಃ ಸತ್ಯವೆಂಬುದು ನಾನು ಬಿ.ಎಡ್. ಮುಗಿಸಿ ಪಾಠ ಹೇಳಲು ತೊಡಗಿದ ಮೇಲೆ ನನಗೆ ಹೊಳೆಯಿತು. ನಾಲ್ಕೈದು ವರ್ಷ ಅವಳು ಗರಿಯನ್ನು ಬದಲಿಸುತ್ತಲೇ ಇದ್ದಳು. ಅಜ್ಜ ತೀರಿಕೊಂಡ ದಿನ, ನೆರೆದಿದ್ದ ಹಿರಿಯ ಹೆಂಗಸರು ಆ ಗರಿಗಳನ್ನೂ ತೆಗೆಸಿದರು. ಚಿನ್ನ ತೆಗೆಸುವುದನ್ನು ಹೇಗೋ ಸಹಿಸಬಹುದು. ಬೀಸಣಿಗೆಯ ತುಂಡನ್ನೂ ಬಿಡದ ಆ ಪದ್ಧತಿಯನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಆ ಹೊತ್ತಿಗಾಗಲೇ ದೊಡ್ಡ ಓಲೆಯ ಕಾಲ ಮುಗಿಯುತ್ತ ಬಂದಿತ್ತು. 1962ರ ಯುದ್ಧದಲ್ಲಿ ದೇಶದಾದ್ಯಂತ ಹೆಂಗಸರು ರಕ್ಷಣಾ ನಿಧಿಗೆ ಒಡವೆ ಬಿಚ್ಚಿಕೊಟ್ಟರು. ಮರುವರ್ಷದ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣದ ನಿಯಮಗಳು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆ ಮಾಡಬಾರದೆಂದವು. ಪತ್ತಾರರ ಸುತ್ತಿಗೆಗೆ ಒಗ್ಗದ ಗಡಸು ಚಿನ್ನ ಅದು. ಆ ಮಿತಿ 1966ರಲ್ಲಿ ಸಡಿಲವಾಯಿತಾದರೂ 1968ರ ಕಾಯಿದೆ 1990ರವರೆಗೆ ಉಳಿಯಿತು. ಅಷ್ಟರಲ್ಲಿ ಎಷ್ಟೋ ಪತ್ತಾರರು ಕುಲುಮೆ ಆರಿಸಿ ಬೇರೆ ಕೆಲಸ ಹಿಡಿದಿದ್ದರು. ಶಾಲೆಗೆ ಬಂದ ಹುಡುಗಿಯರಿಗೂ ಸಣ್ಣ ಬೆಂಡೋಲೆ, ಜುಮಕಿಗಳೇ ಸಾಕಾದವು. ಅಜ್ಜಿಯರ ಹಾಗೆ ಕಿವಿ ಜೋತಾಡಿದರೆ ನಾಚಿಕೆ ಎಂಬ ಭಾವನೆ ಬಂದಿತು. ಈಗ ನಗರದ ಕೆಲವು ಯುವಕರು ಹಣ ಕೊಟ್ಟು ಕಿವಿ ಹಿಗ್ಗಿಸಿಕೊಳ್ಳುತ್ತಿದ್ದಾರೆ, ಅದೇ ನಗರದ ಆಸ್ಪತ್ರೆಗಳಲ್ಲಿ ಹಿಗ್ಗಿದ ಕಿವಿಗೆ ಹೊಲಿಗೆ ಹಾಕಿಸಿಕೊಳ್ಳುವವರೂ ಇದ್ದಾರೆ.

ತಾಂಡಾಗಳ ಲಂಬಾಣಿ ಹೆಂಗಸರ ಬೆಳ್ಳಿಯ ಬಗ್ಗೆಯೂ ಬರೆಯಬೇಕೆಂದಿದ್ದೆ. ಕೆನ್ನೆಯ ಪಕ್ಕದಲ್ಲಿ ತೂಗುವ ಅವರ ಘೂಗರಿಗಳ ಭಾರವನ್ನು ಹೊರುವುದು ಕಿವಿಯಲ್ಲ, ಕೂದಲು. ಅದು ಬೇರೆಯೇ ಜಾಣತನ, ಇನ್ನೊಮ್ಮೆ ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮಿಂದ ಒಂದು ಕೆಲಸವಾಗಬೇಕು. ನಿಮ್ಮ ಮನೆಗಳ ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ, ಅಜ್ಜಿ ಮುತ್ತಜ್ಜಿಯರ ಭಾವಚಿತ್ರಗಳಿದ್ದರೆ ಕಿವಿಗಳನ್ನು ಗಮನಿಸಿ ನೋಡಿರಿ. ಯಾವ ಒಡವೆ, ಅದಕ್ಕೆ ನಿಮ್ಮ ಮನೆಯಲ್ಲಿ ಏನೆಂದು ಹೆಸರು, ಯಾರ ಕೈಯಲ್ಲಿ ಮಾಡಿಸಿದ್ದು, ಯಾವ ವರ್ಷ ಮನೆ ಬಿಟ್ಟುಹೋಯಿತು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದು ಕಳುಹಿಸಿರಿ. ಚಿತ್ರದಲ್ಲಿ ಕಿವಿ ಬರಿದಾಗಿದ್ದರೂ ಕಳುಹಿಸಿರಿ.