ಹೆಬ್ಬೆರಳಿಗೆ ಶೇ 30: ಸಂಬಳಕ್ಕೆ ವಿಮೆ ಬಂದ ಕಥೆ

ಬನ್ನೇರುಘಟ್ಟ ರಸ್ತೆ ಟ್ರಾಫಿಕ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಾ? ಹಾಗಾದ್ರೆ ಒಂದು ಸಲ ನಿಮ್ಮ ಹೆಬ್ಬೆರಳು ನೋಡ್ಕೊಳ್ಳಿ. ನಮ್ಮ ಕಾರ್ಮಿಕ ಕಾನೂನಿನ ಪಟ್ಟಿಯಲ್ಲಿ ಅದಕ್ಕೊಂದು ಅಂಕಿ ಇದೆ: ಶೇ 30. ತೋರುಬೆರಳು ಪೂರ್ತಿ ಹೋದರೆ ಶೇ 14. ಇದು ನೋವಿನ ಲೆಕ್ಕ ಅಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನೋ ಲೆಕ್ಕ. ಈ ಲೆಕ್ಕ ಹೇಗೆ ಶುರುವಾಯ್ತು, ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನೋದೇ ಇವತ್ತಿನ ಎಪಿಸೋಡ್.

ಜರ್ಮನಿಯಲ್ಲಿ ಬಿಸ್ಮಾರ್ಕ್ 1884ರಲ್ಲೇ ಕಾರ್ಮಿಕರ ಅಪಘಾತ ವಿಮೆ ತಂದಿದ್ದ. ಬ್ರಿಟಿಷ್ ಭಾರತಕ್ಕೆ ಕಾರ್ಮಿಕರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. ಅದರಲ್ಲಿ ಒಂದು ತೊಡಕಿತ್ತು: ದುಡ್ಡು ಕೊಡಬೇಕಾದವನು ಮಾಲೀಕ. ಅವನು ಕೊಡಲ್ಲ ಅಂದ್ರೆ, ಕೈ ಕಳಕೊಂಡವನೇ ಕಮಿಷನರ್ ಹತ್ತಿರ ಹೋಗಿ ಹೋರಾಡಬೇಕು. ಸಂಬಳ ನಿಂತಿರುವಾಗ ಯಾರು ಎಷ್ಟು ದಿನ ಅಲೆದಾರು?

ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿ ಬೇರೆ ದಾರಿ ತೋರಿಸ್ತು. ಮಾಲೀಕ, ಕಾರ್ಮಿಕ ಇಬ್ಬರೂ ಒಂದು ನಿಧಿಗೆ ಹಣ ಹಾಕಲಿ, ಕಷ್ಟ ಬಂದಾಗ ನಿಧಿಯೇ ಕೊಡಲಿ. ಅದರ ಫಲವೇ 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ನಾವೆಲ್ಲ ಹೇಳೋ ಇಎಸ್‌ಐ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅದನ್ನ ಉದ್ಘಾಟಿಸಿದ್ರು. ಬೆಂಗಳೂರಿಗೆ ಅದು ಬಂದದ್ದು 1958ರಲ್ಲಿ.

ನಾನು ಓದಿದ್ದು ಕಾಮರ್ಸ್. ಹಾಗಾಗಿ ಇತಿಹಾಸ ಕೇಳಿದಾಗ ಕ್ಯಾಲ್ಕುಲೇಟರ್ ಕೈಗೆ ಬರುತ್ತೆ. ನಮ್ಮ ಅರೆಕೆರೆಯ ಒಂದೇ ಬೀದಿಯಲ್ಲಿ ಮೂರು ಜನ ಇದ್ದಾರೆ ಅಂದ್ಕೊಳ್ಳಿ. ಒಬ್ಬಳು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಅಕ್ಕ. ಒಬ್ಬ ಫುಡ್ ಡೆಲಿವರಿ ಹುಡುಗ. ಇನ್ನೊಬ್ಬ ಐಟಿ ಕಂಪನಿಯವನು. ಮೂವರಿಗೂ ಅಪಘಾತದಲ್ಲಿ ಬಲಗೈ ಹೆಬ್ಬೆರಳು ಹೋಯ್ತು.

ಅಕ್ಕನ ಸಂಬಳ ₹15,000. ಇಎಸ್‌ಐ ಮಿತಿ ₹21,000, ಅದರೊಳಗೇ ಇದ್ದಾಳೆ. ಗಾಯ ವಾಸಿಯಾಗೋವರೆಗೆ ಸಂಬಳದ ಶೇ 90. ಆಮೇಲೆ ವೈದ್ಯಕೀಯ ಮಂಡಳಿ ಶೇ 30 ಅಂತ ಬರೆದರೆ, ಆ ಶೇ 90ರಲ್ಲಿ ಶೇ 30, ಅಂದ್ರೆ ತಿಂಗಳಿಗೆ ಸುಮಾರು ₹4,050, ಜೀವನಪೂರ್ತಿ. ಇದಕ್ಕೆ ಅವಳ ಸಂಬಳದಿಂದ ಹೋಗೋದು ಶೇ 0.75, ಮಾಲೀಕ ಹಾಕೋದು ಶೇ 3.25.

ಐಟಿಯವನ ಸಂಬಳ ಮಿತಿ ದಾಟಿದೆ, ಇಎಸ್‌ಐ ಇಲ್ಲ. ಕಂಪನಿಯ ಗ್ರೂಪ್ ಆರೋಗ್ಯ ವಿಮೆ ಆಸ್ಪತ್ರೆ ಬಿಲ್ ಕಟ್ಟುತ್ತೆ, ಮನೆ ಬಾಡಿಗೆ ಕಟ್ಟಲ್ಲ. ಆದಾಯಕ್ಕೆ ರಕ್ಷಣೆ ಬೇಕಂದ್ರೆ ಅಪಘಾತ ಪಾಲಿಸಿಯಲ್ಲಿ ವಾರದ ಭತ್ಯೆ ಇದೆಯಾ ನೋಡಬೇಕು. 2021ರಲ್ಲಿ ಬಂದ ಸರಳ ಸುರಕ್ಷಾ ಬಿಮಾದಲ್ಲೂ ಅದು ಬೇಕಾದವರು ಸೇರಿಸಿಕೊಳ್ಳುವ ಭಾಗ. ಅದೂ ಅಪಘಾತಕ್ಕೆ ಮಾತ್ರ, ಪಾರ್ಶ್ವವಾಯು ಹೊಡೆದರೆ ಇಲ್ಲ.

ಡೆಲಿವರಿ ಹುಡುಗನ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ ₹20 ಕಟ್ ಆಗ್ತಿದೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ ₹1 ಲಕ್ಷ. ಬರೀ ಹೆಬ್ಬೆರಳಿಗೆ? ಸೊನ್ನೆ.

ಒಂದೇ ಬೆರಳು, ಮೂರು ಉತ್ತರ. ಇದರ ಮೇಲೆ ಅಂಗವಿಕಲರ ಗುರುತಿನ ಚೀಟಿಯ ಶೇಕಡಾವಾರು ಬೇರೆ. 2016ರ ಕಾಯ್ದೆಯಲ್ಲಿ ಬಹುತೇಕ ಸೌಲಭ್ಯಗಳಿಗೆ ಶೇ 40 ಬೇಕು. ಆ ಚೀಟಿ ದೇಹದ ಲೆಕ್ಕ ಹೇಳುತ್ತೆ, ದುಡಿಮೆಯ ಲೆಕ್ಕ ಅಲ್ಲ. ಒಂದು ಕಡೆಯ ಸರ್ಟಿಫಿಕೇಟ್ ಇನ್ನೊಂದು ಕಡೆ ನಡೆಯದೆ ಜನ ಅಲೆಯೋದು ಇಲ್ಲೇ.

ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ಹೋದದ್ದು ಒಂದು ಬೆರಳು, ಆದರೆ ಬಿಲ್ಲುಗಾರನಿಗೆ ಅದೇ ಸರ್ವಸ್ವ. ಇದನ್ನ ಸುಪ್ರೀಂ ಕೋರ್ಟ್ 1975ರ ಡಿಸೆಂಬರ್‌ನಲ್ಲಿ ಕಾನೂನಿನ ಭಾಷೆಯಲ್ಲಿ ಹೇಳ್ತು. ಒಡಿಶಾದ ಒಬ್ಬ ಬಡಗಿ ಕೆಲಸದ ವೇಳೆ ಬಿದ್ದು ಎಡಗೈ ಕಳಕೊಂಡಿದ್ದ. ಇನ್ನೊಂದು ಕೈ ಇದೆಯಲ್ಲ ಅನ್ನೋ ವಾದ ನಿಲ್ಲಲಿಲ್ಲ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಹಾಗಾಗಿ ಇದು ಶೇ 100 ನಷ್ಟ ಅಂತ ಕೋರ್ಟ್ ಒಪ್ಪಿಕೊಂಡಿತು. ಪಟ್ಟಿಯ ಅಂಕಿಯೇ ಕೊನೆ ಮಾತಲ್ಲ ಅಂತ ವಾದಿಸೋರು ಇವತ್ತಿಗೂ ಈ ತೀರ್ಪನ್ನ ಹಿಡೀತಾರೆ.

ಕಾನೂನು ನಿಧಾನವಾಗಿಯಾದರೂ ಹಿಗ್ಗಿದೆ. 2010ರ ತಿದ್ದುಪಡಿಯಿಂದ ಮನೆ ಮತ್ತು ಕೆಲಸದ ಜಾಗದ ನಡುವಿನ ದಾರಿಯಲ್ಲಾದ ಅಪಘಾತವೂ, ಕೆಲಸಕ್ಕೆ ಸಂಬಂಧ ಇದ್ದರೆ, ಇಎಸ್‌ಐಗೆ ಸೇರುತ್ತೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ ಪ್ರತ್ಯೇಕ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಶುಲ್ಕವನ್ನ ಕಂಪನಿಗಳು ನಿಧಿಗೆ ಕಟ್ಟಬೇಕು. ಅಡಾರ್ಕರ್ ಹೇಳಿದ್ದ ನಿಧಿಯ ವಿಚಾರ ಎಂಬತ್ತು ವರ್ಷ ಕಳೆದು ಬೈಕ್ ಹತ್ತಿದೆ ಅನ್ನಬಹುದು.

ಕೇಳ್ತಿರೋರಿಗೆ, ನಿಮ್ಮ ಮನೆಯವರಿಗೆ, ಮೂರು ಮಾತು. ಫ್ಯಾಕ್ಟರಿಯಲ್ಲಿ ಪೆಟ್ಟಾದರೆ ಅವತ್ತೇ ಅಪಘಾತ ಪುಸ್ತಕದಲ್ಲಿ ಬರೆಸಿ. ‘ಆಮೇಲೆ ನೋಡೋಣ’ ಅಂದ್ರೆ ಕೇಳಬೇಡಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಇಎಸ್‌ಐ ಹಕ್ಕಿದೆ. ಕಾಯಿಲೆ ರಜೆಯ ಹಣಕ್ಕೆ ಇರುವಂಥ 78 ದಿನದ ಷರತ್ತು ಇದಕ್ಕಿಲ್ಲ. ಮಂಡಳಿ ಕೊಟ್ಟ ಶೇಕಡಾ ಕಮ್ಮಿ ಅನಿಸಿದರೆ ಅಲ್ಲಿಗೇ ಬಿಡಬೇಡಿ, ಮೇಲ್ಮನವಿಗೆ ಅವಕಾಶ ಇದೆ, ಅದಕ್ಕೆ ಗಡುವೂ ಇದೆ.

ಅಪಘಾತ ಆದ ದಿನ ಈ ಇತಿಹಾಸ ಹುಡುಕೋಕೆ ಯಾರಿಗೂ ಪುರುಸೊತ್ತು ಇರಲ್ಲ. ಅದಕ್ಕೇ ಇವತ್ತು ಹೇಳಿದ್ದು. ನಿಮ್ಮ ಪೇ ಸ್ಲಿಪ್‌ನಲ್ಲಿ ಆ 0.75 ಇದೆಯಾ, ಇವತ್ತೇ ನೋಡಿ. ಮುಂದಿನ ವಾರ ಸಿಗೋಣ.